ಸೈಕಲ್ಲಿನ ಎಡಗಡೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಕಳಚಿ ಬಿತ್ತು, ವಾರಂಟಿ ಬರಲ್ಲ ಅಂತಿದ್ದಾರೆ. ಏನು ಮಾಡಲಿ?

ಬನಶಂಕರಿ ಸವಾರ
ಸಿಟ್ಟಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಹೋದ ವರ್ಷದ ಕೊನೆಗೆ ಒಂದು ಹೈಬ್ರಿಡ್ ಸೈಕಲ್ ತಗೊಂಡೆ. 27 ಸಾವಿರ ಚಿಲ್ಲರೆ. ಬನಶಂಕರಿಯಿಂದ ಕೋರಮಂಗಲದ ಆಫೀಸಿಗೆ ಹೋಗಿ ಬರೋದಕ್ಕೆ. ಶೋರೂಮಿನವರೇ ಜೋಡಿಸಿ ಕೊಟ್ಟರು. ಮೊದಲ ಫ್ರೀ ಸರ್ವೀಸೂ ಅಲ್ಲೇ ಮಾಡಿಸಿದೆ. ಜಾಬ್ ಕಾರ್ಡಿನಲ್ಲಿ 'ಎಲ್ಲಾ ಬೋಲ್ಟ್ ಟೈಟ್' ಅನ್ನೋ ಸಾಲಿನ ಮುಂದೆ ಟಿಕ್ ಇದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಎಡಗಡೆ ಪೆಡಲ್ ತುಳಿದಾಗೆಲ್ಲ ಟಕ್ ಅಂತ ಒಂದು ಶಬ್ದ. ಶೋರೂಮಿಗೆ ವಾಟ್ಸಾಪ್ ಮಾಡಿದೆ, ಆಡಿಯೋ ಕೂಡ ಕಳಿಸಿದೆ. "ಹೊಸ ಸೈಕಲ್ ಅಲ್ವಾ ಸರ್, ಸೆಟ್ ಆಗುತ್ತೆ, ಮುಂದಿನ ಸರ್ವೀಸಲ್ಲಿ ನೋಡೋಣ" ಅಂತ ಉತ್ತರ ಬಂತು. ಮೊನ್ನೆ ಡೈರಿ ಸರ್ಕಲ್ ಸಿಗ್ನಲ್ ಬಿಟ್ಟ ತಕ್ಷಣ ಜೋರಾಗಿ ತುಳಿದೆ ನೋಡಿ, ಎಡಗಡೆ ಕ್ರ್ಯಾಂಕ್ ಪೆಡಲ್ ಸಮೇತ ಕಳಚಿ ರಸ್ತೆಗೆ ಬಿತ್ತು. ಹಿಂದೆ ಬಿಎಂಟಿಸಿ ಬಸ್ಸು. ಡ್ರೈವರ್ ಪುಣ್ಯಾತ್ಮ, ಬ್ರೇಕ್ ಹಾಕಿದ. ಬೋಲ್ಟ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಹತ್ತಿರದ ಪಂಚರ್ ಅಂಗಡಿಯವರು ಯಾವುದೋ ಬೋಲ್ಟ್ ಹಾಕಿ ಕೊಟ್ಟರು, ಮನೆ ಸೇರಿಕೊಂಡೆ. ಮಾರನೇ ದಿನವೇ ಮತ್ತೆ ಅಲ್ಲಾಡೋದಕ್ಕೆ ಶುರು.

ವಾರಂಟಿ ಕೇಳಿದೆ. ಪಾರ್ಟ್ಸ್‌ಗೆ 1 ವರ್ಷ ಅಂತ ಕಾರ್ಡಿನಲ್ಲೇ ಇದೆ. ಕಂಪನಿಯಿಂದ ಬಂದ ಮೇಲ್‌ನ ಸಾರಾಂಶ ಇಷ್ಟು: ಕ್ರ್ಯಾಂಕ್ ಸವೆಯುವ ಭಾಗ, ಲೂಸ್ ಇದ್ದರೂ ಓಡಿಸಿದ್ದೀರಿ, ಹೊರಗಿನ ಮೆಕ್ಯಾನಿಕ್ ಕೈ ಹಾಕಿದ್ದಾನೆ, ಆದ್ದರಿಂದ ಆಗಲ್ಲ. ಇಡೀ ಕ್ರ್ಯಾಂಕ್‌ಸೆಟ್ (ಎರಡೂ ಕ್ರ್ಯಾಂಕ್, ಹಲ್ಲಿನ ಚಕ್ರ ಸೇರಿ) ಬದಲಾಯಿಸಬೇಕು, 4,200 ರೂಪಾಯಿ, ಲೇಬರ್ ಬೇರೆ. ಯಾರೂ ಸೈಕಲ್ಲನ್ನು ಮುಟ್ಟಿ ನೋಡಿಲ್ಲ. ಎಲ್ಲ ಫೋಟೋದಲ್ಲೇ ತೀರ್ಮಾನ.

ಕ್ರ್ಯಾಂಕ್ ಸವೆಯುವ ಭಾಗ ಅನ್ನೋದು ನಿಜವಾ? ಇದನ್ನು ಇಲ್ಲಿಗೇ ಬಿಡಬೇಕಾ, ಹಿಡಿದು ಜಗ್ಗಬೇಕಾ?

ಪಂಚರ್ ಪಂಡಿತ
ಫೋಟೋ ಹಾಕಿ. ಕ್ರ್ಯಾಂಕಿನ ಚೌಕದ ತೂತಿನ ಒಳಗಡೆದು. ಹೊರಗಿನ ಪಾಲಿಶ್ ನೋಡಿ ನಮಗೇನೂ ಆಗಬೇಕಿಲ್ಲ.

ನಂದಿ ಭಾನುವಾರ
ಕೋಪ ಮಾಡಿಕೊಳ್ಳಬೇಡಿ. ಟಕ್ ಅಂತ ಶಬ್ದ ಬಂದ ಮೇಲೂ ಓಡಿಸಿದ್ದೀರಿ. ಕಂಪನಿಯವರು ಹೇಳಿದ್ದರಲ್ಲಿ ತಪ್ಪೇನಿದೆ? ಅಲ್ಯೂಮಿನಿಯಂ ಕ್ರ್ಯಾಂಕ್ ಲೂಸ್ ಇದ್ದಾಗ ತುಳಿದರೆ ಹಾಳಾಗೋದು ಗ್ಯಾರಂಟಿ. ಸೈಕಲ್ ಓಡಿಸುವವರು ಒಂದು 8 ಎಂಎಂ ಅಲೆನ್ ಕೀ ಮನೆಯಲ್ಲಿ ಇಟ್ಟುಕೊಳ್ಳಬೇಕು. ಎಲ್ಲದಕ್ಕೂ ಶೋರೂಮಿನ ಕಡೆ ಕೈ ತೋರಿಸಿದರೆ ಹೇಗೆ?

ಬನಶಂಕರಿ ಸವಾರ
@ನಂದಿ ಭಾನುವಾರ, ಶಬ್ದ ಬಂದ ದಿನವೇ ಕೇಳಿದ್ದೇನೆ. "ಓಡಿಸಬೇಡಿ, ತಂದು ತೋರಿಸಿ" ಅಂದಿದ್ದರೆ ಆಟೋದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. "ಸೆಟ್ ಆಗುತ್ತೆ" ಅಂದವರೇ ಈಗ "ಯಾಕೆ ಓಡಿಸಿದಿರಿ" ಅಂತ ಕೇಳುತ್ತಿದ್ದಾರೆ. ಮಾರಿದವನೇ ಸರಿ ಇದೆ ಅಂದ ಮೇಲೆ ಕೊಂಡವನು ಇನ್ಯಾರನ್ನು ಕೇಳಬೇಕು?

ಸುಮ್ನೆ ನೋಡ್ತೀನಿ
ಡೈರಿ ಸರ್ಕಲ್‌ನಲ್ಲಿ ಬಿಎಂಟಿಸಿ ಬ್ರೇಕ್ ಹಾಕಿತು ಅನ್ನೋದೇ ಈ ಕಥೆಯಲ್ಲಿ ನಂಬೋಕೆ ಕಷ್ಟ ಆಗಿರೋದು.

ಟಾರ್ಕ್ ತಮ್ಮ
ಇದು ಚೌಕದ ಟೇಪರ್ ಇರುವ ಕ್ರ್ಯಾಂಕ್ ಅಂದುಕೊಂಡು ಹೇಳುತ್ತೇನೆ. ಈ ಬೆಲೆಯ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಅದೇ ಇರೋದು.

ಎರಡೂ ಕ್ರ್ಯಾಂಕನ್ನು ಜೋಡಿಸುವ ಒಳಗಿನ ಆಕ್ಸಲ್ ಉಕ್ಕು. ಅದರ ತುದಿ ಚೌಕ, ಹೊರಗೆ ಬಂದ ಹಾಗೆಲ್ಲ ಸಣ್ಣ ಆಗುತ್ತದೆ. ಕ್ರ್ಯಾಂಕ್ ಅಲ್ಯೂಮಿನಿಯಂ, ಅಂದರೆ ಮೆತ್ತಗೆ. ಬಾಟಲಿಗೆ ಬಿರಡೆ ಒತ್ತಿದ ಹಾಗೆ ಬೋಲ್ಟ್ ಬಿಗಿ ಮಾಡಿದಷ್ಟೂ ಕ್ರ್ಯಾಂಕ್ ಆ ಚೌಕದ ಮೇಲೆ ಏರಿ ಕಚ್ಚಿಕೊಳ್ಳುತ್ತದೆ. ಹಿಡಿದುಕೊಳ್ಳೋದು ಬೋಲ್ಟ್ ಅಲ್ಲ, ಆ ಕಚ್ಚುವಿಕೆ. ಬೋಲ್ಟ್ ಕೆಲಸ ಕ್ರ್ಯಾಂಕನ್ನು ಅಲ್ಲಿಗೆ ಏರಿಸೋದು ಮತ್ತು ಅಲ್ಲೇ ಇರಿಸೋದು.

ಇದಕ್ಕೆ ಬೇಕಾದ ಬಿಗಿ, ಅಂದರೆ ಟಾರ್ಕ್, 35ರಿಂದ 50 ನ್ಯೂಟನ್ ಮೀಟರ್. ಅಂದರೆ ಎಷ್ಟು? 20 ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ 20 ಕೆಜಿ ತೂಕ ನೇತು ಹಾಕಿದರೆ ಸುಮಾರು 40 ನ್ಯೂಟನ್ ಮೀಟರ್. ಜೇಬಿನಲ್ಲಿ ಇಟ್ಟುಕೊಳ್ಳುವ ಪುಟ್ಟ ಮಲ್ಟಿಟೂಲ್‌ನ ಹಿಡಿ 10 ಸೆಂಟಿಮೀಟರ್ ಇದ್ದರೆ ಅದರ ಮೇಲೆ 40 ಕೆಜಿ ಹಾಕಬೇಕು. ಕೈ ನೋಯುತ್ತದೆ, ಬೋಲ್ಟ್ ಮಾತ್ರ ಅರ್ಧಕ್ಕೇ ನಿಂತಿರುತ್ತದೆ. @ನಂದಿ ಭಾನುವಾರ, ನಿಮ್ಮ 8 ಎಂಎಂ ಅಲೆನ್ ಕೀ ಉಪದೇಶಕ್ಕೆ ಇದನ್ನೂ ಸೇರಿಸಿಕೊಳ್ಳಿ. ಉದ್ದದ ಹಿಡಿ ಬೇಕು.

ಎಡಗಡೆದೇ ಯಾಕೆ ಹೆಚ್ಚಾಗಿ ಲೂಸ್ ಆಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಬಲಗಾಲಿನ ಒತ್ತಡ ನೇರವಾಗಿ ಹಲ್ಲಿನ ಚಕ್ರಕ್ಕೆ ಹೋಗುತ್ತದೆ, ಆಕ್ಸಲ್ ತಿರುಚಿಕೊಳ್ಳೋದಿಲ್ಲ. ಎಡಗಾಲಿನ ಒತ್ತಡ ಎಡಗಡೆ ಕ್ರ್ಯಾಂಕಿಂದ ಆಕ್ಸಲ್‌ಗೆ ಬಂದು, ಅದನ್ನು ತಿರುಚಿಕೊಂಡು ಬಲಗಡೆಗೆ ದಾಟಬೇಕು. ಹಾಗಾಗಿ ಎಡಗಡೆ ಕೀಲಿಗೆ ಬಾಗುವ ಒತ್ತಡ, ತಿರುಚುವ ಒತ್ತಡ ಎರಡೂ ಒಂದೇ ಕ್ಷಣಕ್ಕೆ ಬೀಳುತ್ತವೆ. ಬಲಗಡೆಗೆ ಅವೆರಡೂ ಬೇರೆ ಬೇರೆ ಹೊತ್ತಿನಲ್ಲಿ. ಬಿಗಿ ಕಮ್ಮಿ ಇದ್ದರೆ ಮೊದಲು ಸೋಲೋದು ಎಡಗಡೆ.

ಸರಿಯಾಗಿ ಬಿಗಿ ಮಾಡಿದ್ದರೆ ಕೆಲವೇ ತಿಂಗಳಲ್ಲಿ ಹೀಗೆ ಆಗಲ್ಲ. ಈ ಕ್ರ್ಯಾಂಕ್‌ಗಳು ಚೈನ್, ಬ್ರೇಕ್ ಪ್ಯಾಡ್ ಹಾಗೆ ಸವೆಯುವ ಭಾಗ ಅಲ್ಲವೇ ಅಲ್ಲ.

ಹಳೇ ಅಟ್ಲಾಸ್
ಇವೆಲ್ಲ ಹೊಸ ಕಾಲದ ತಲೆನೋವು ಸ್ವಾಮಿ. ನಮ್ಮ ಕಾಲದ ಅಟ್ಲಾಸ್, ಹರ್ಕ್ಯುಲಿಸ್‌ಗಳಲ್ಲಿ ಕಾಟರ್ ಪಿನ್ (ಕ್ರ್ಯಾಂಕನ್ನು ಆಕ್ಸಲ್‌ಗೆ ಬಿಗಿಯುವ ಬೆಣೆ) ಇರುತ್ತಿತ್ತು. ಲೂಸ್ ಆದರೆ ಪೆಡಲ್ ತುಳಿಯುವಾಗ ಕಾಲಿಗೇ ಗೊತ್ತಾಗುತ್ತಿತ್ತು, ಪೆಡಲ್ ಒಂದು ಸಲ ಸುತ್ತಿ ಬಂದರೆ ಎರಡು ಸಲ ಜಾರಿದ ಹಾಗೆ. ಚಾಮರಾಜಪೇಟೆಯಲ್ಲಿ ನಮ್ಮ ಮನೆ ಹತ್ತಿರ ಒಂದು ಬಾಡಿಗೆ ಸೈಕಲ್ ಅಂಗಡಿ ಇತ್ತು. ಅಂಗಡಿಯವರು ಕ್ರ್ಯಾಂಕ್ ಕೆಳಗೆ ಒಂದು ಕಬ್ಬಿಣದ ತುಂಡು ಆನಿಸಿ, ಸುತ್ತಿಗೆಯಲ್ಲಿ ಠಣ್ ಠಣ್ ಅಂತ ಪಿನ್ ಹೊಡೆದು, ನಟ್ ಬಿಗಿ ಮಾಡಿ, ಹೋಗು ಅನ್ನುತ್ತಿದ್ದರು. ಪಿನ್ ಹಾಳಾಗುತ್ತಿತ್ತು, ಕ್ರ್ಯಾಂಕ್ ಹಾಳಾಗುತ್ತಿರಲಿಲ್ಲ. ಎರಡೂ ಉಕ್ಕು ಅಲ್ವಾ. ಪಿನ್ನಿಗೆ ಚಿಲ್ಲರೆ ಕಾಸು. ಆ ಸೈಕಲ್ಲಿನಲ್ಲೇ ನಾವು ಒಳಪೆಡಲ್ ಹೊಡೆದು ಕಲಿತಿದ್ದು.

ಈಗ ಅಟ್ಲಾಸ್ ಸಾಹಿಬಾಬಾದ್ ಕಾರ್ಖಾನೆಯೇ ಮುಚ್ಚಿಹೋಯಿತು. 2020ರ ಜೂನ್ 3ಕ್ಕೆ. ಅವತ್ತೇ ವಿಶ್ವ ಸೈಕಲ್ ದಿನ.

ಸುಮ್ನೆ ನೋಡ್ತೀನಿ
ಅಂಕಲ್, ಕಾಟರ್ ಪಿನ್ ಬಿಚ್ಚುವಾಗ ಅದರ ಥ್ರೆಡ್ ಚಪ್ಪಟೆಯಾಗಿ, ಪಿನ್ ಒಳಗೂ ಹೋಗದೆ ಹೊರಗೂ ಬರದೆ ಕೂರುತ್ತಿತ್ತಲ್ಲ, ಅದನ್ನು ಮರೆತುಬಿಟ್ಟಿರಾ?

ಹಳೇ ಅಟ್ಲಾಸ್
ಮರೆತಿಲ್ಲ. ಹೇಳಲಿಲ್ಲ ಅಷ್ಟೇ.

ಬನಶಂಕರಿ ಸವಾರ
ಫೋಟೋ ಹಾಕಿದ್ದೇನೆ. ಕಣ್ಣಿಗೆ ಕಂಡದ್ದನ್ನೂ ಬರೆಯುತ್ತೇನೆ, ಬೆಳಕು ಸರಿ ಬಂದಿಲ್ಲ. ಚೌಕದ ತೂತಿನ ನಾಲ್ಕು ಮೂಲೆಯಲ್ಲಿ ಎರಡು ಎದುರು ಮೂಲೆ ಕನ್ನಡಿ ಹಾಗೆ ಹೊಳೆಯುತ್ತಿವೆ. ಒಂದು ಗೋಡೆಯ ಅಂಚಿನಲ್ಲಿ ಲೋಹ ಮಡಚಿಕೊಂಡು ತುಟಿ ಥರ ಹೊರಗೆ ಬಂದಿದೆ, ಉಗುರಿಗೆ ಸಿಗುತ್ತದೆ. ಒಳಗೆ ಕಪ್ಪು ಪುಡಿ, ಬೆರಳಿಗೆ ಪೆನ್ಸಿಲ್ ಸೀಸದ ಬಣ್ಣ ಹತ್ತುತ್ತದೆ. ಆಕ್ಸಲ್ ಮಾತ್ರ ಚೆನ್ನಾಗಿದೆ, ಗೀರು ಕೂಡ ಇಲ್ಲ.

ಪಂಚರ್ ಪಂಡಿತ
ಕ್ರ್ಯಾಂಕ್ ಮುಗಿಯಿತು. ಕಪ್ಪು ಪುಡಿ ಅಂದರೆ ಅಲ್ಯೂಮಿನಿಯಂ ಉಜ್ಜಿ ಉಜ್ಜಿ ಬಂದಿರೋದು. ಆ ತೂತು ಈಗ ಚೌಕ ಅಲ್ಲ. ಎಷ್ಟೇ ಬಿಗಿ ಮಾಡಿದರೂ ಮತ್ತೆ ಲೂಸ್ ಆಗುತ್ತದೆ. ದಿನಾ ಬಿಗಿ ಮಾಡಿಕೊಂಡು ಓಡಿಸೋಣ ಅಂತ ಹೋಗಬೇಡಿ, ಪ್ರತಿ ಸಲವೂ ಕ್ರ್ಯಾಂಕ್ ಇನ್ನಷ್ಟು ಒಳಗೆ ಏರಿ ಒಂದು ದಿನ ಸೀಳುತ್ತದೆ.

ಒಳ್ಳೆ ಸುದ್ದಿ ಏನು ಅಂದರೆ ಆಕ್ಸಲ್ ಚೆನ್ನಾಗಿದೆ. ಇಡೀ ಕ್ರ್ಯಾಂಕ್‌ಸೆಟ್ ಯಾಕೆ ಬದಲಾಯಿಸಬೇಕು? ಎಡಗಡೆ ಕ್ರ್ಯಾಂಕ್ ಕೈ ಮಾತ್ರ ಬಿಡಿಯಾಗಿ ಸಿಗುತ್ತದೆ. ಉದ್ದ ನೋಡಿಕೊಳ್ಳಿ, ಕ್ರ್ಯಾಂಕಿನ ಹಿಂಭಾಗದಲ್ಲಿ ಪೆಡಲ್ ತೂತಿನ ಹತ್ತಿರ ಎಂಎಂ ಲೆಕ್ಕದಲ್ಲಿ 170 ಅಂತಲೋ 175 ಅಂತಲೋ ಕೆತ್ತಿರುತ್ತಾರೆ. ಬಲಗಡೆದು ಎಷ್ಟಿದೆಯೋ ಅಷ್ಟೇ ತಗೊಳ್ಳಿ. ಟೇಪರ್‌ನಲ್ಲೂ ಜಿಸ್ (JIS, ಜಪಾನಿನ ಅಳತೆ), ಐಎಸ್ಓ (ISO) ಅಂತ ಎರಡು ಜಾತಿ ಇವೆ, ನಮ್ಮಲ್ಲಿ ಬರೋದು ಬಹುತೇಕ ಜಿಸ್. ಕೇಳಿ ತಗೊಳ್ಳಿ.

ಕೆಂಗೇರಿ ಎಕ್ಸ್‌ಪ್ರೆಸ್
ದುಡ್ಡು ಯಾಕೆ ಹಾಳು ಮಾಡುತ್ತೀರಿ? ನನ್ನ ರೂಮ್‌ಮೇಟ್ ಕೂಲ್ ಡ್ರಿಂಕ್ ಕ್ಯಾನ್ ಕತ್ತರಿಸಿ, ಅದರ ತಗಡನ್ನು ಚೌಕದ ಸುತ್ತ ಸುತ್ತಿ, ಕ್ರ್ಯಾಂಕ್ ಹೊಡೆದು ಕೂರಿಸಿದ. ಬೋಲ್ಟಿಗೆ ನೀಲಿ ಲಾಕ್‌ಟೈಟ್. ಮೈಸೂರು ರಸ್ತೆಯಲ್ಲಿ ಬಿಡದಿವರೆಗೂ ಹೋಗಿ ತಟ್ಟೆ ಇಡ್ಲಿ ತಿಂದು ಬಂದ.

ಟಾರ್ಕ್ ತಮ್ಮ
ಬಂದ ಸರಿ, ಮುಂದಿನ ವಾರ?

ಕೆಂಗೇರಿ ಎಕ್ಸ್‌ಪ್ರೆಸ್
ಮುಂದಿನ ವಾರ ಸೈಕಲ್ ಮಾರಿದ.

ಟಾರ್ಕ್ ತಮ್ಮ
ಅಷ್ಟೇ. ದಾರಿಯಲ್ಲಿ ಕೆಟ್ಟರೆ ಮನೆ ಸೇರೋದಕ್ಕೆ ಕ್ಯಾನ್ ತಗಡು ಪರವಾಗಿಲ್ಲ. ಅದರ ಮೇಲೆ ನಿಂತು ಫ್ಲೈಓವರ್ ಹತ್ತಬೇಡಿ. ಲಾಕ್‌ಟೈಟ್ ಬೋಲ್ಟ್ ತಿರುಗದ ಹಾಗೆ ತಡೆಯುತ್ತದೆ, ಹಾಳಾದ ತೂತನ್ನು ರಿಪೇರಿ ಮಾಡಲ್ಲ.

ಲಾ ಪಾಯಿಂಟ್
ನಾನು ಗ್ರಾಹಕ ಕೇಸುಗಳನ್ನು ನೋಡುವ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಎಲ್ಲರೂ ವಾರಂಟಿ ಕಾರ್ಡನ್ನೇ ಹಿಡಿದು ಮಾತಾಡುತ್ತಿದ್ದೀರಿ. ವಾರಂಟಿ ಅನ್ನೋದು ಕಂಪನಿ ತಾನಾಗಿ ಕೊಟ್ಟ ಮಾತು. ಕಾನೂನು ಬೇರೆ. ಕಂಪನಿ ವಾರಂಟಿ ಇಲ್ಲ ಅಂದ ಮಾತ್ರಕ್ಕೆ ಕಾನೂನಿನ ಬಾಗಿಲು ಮುಚ್ಚಲ್ಲ.

ನಿಮ್ಮ ಕೇಸಿನಲ್ಲಿ ಕ್ರ್ಯಾಂಕ್ ಸವೆಯುವ ಭಾಗವೋ ಅಲ್ಲವೋ ಅನ್ನೋ ಜಗಳವೇ ಬೇಡ. ಸೈಕಲ್ ಜೋಡಿಸಿ ಕೊಟ್ಟವರು ಅವರು. ಬೋಲ್ಟ್ ಟೈಟ್ ಅಂತ ಟಿಕ್ ಹಾಕಿದವರು ಅವರು. ಶಬ್ದ ಬರುತ್ತಿದೆ ಅಂದಾಗ ಓಡಿಸಿ ಅಂದವರೂ ಅವರೇ. ಇದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾ ನ್ಯೂನತೆ ಅನ್ನುತ್ತದೆ. ಹಾಗಾಗಿ ತಯಾರಿಸಿದ ಕಂಪನಿಯನ್ನು ಮಾತ್ರ ಅಲ್ಲ, ಮಾರಿದ ಅಂಗಡಿಯನ್ನೂ ಸೇರಿಸಿ ಕೇಳಿ. ಇಲ್ಲದಿದ್ದರೆ ಇವರು ಅವರ ಕಡೆ, ಅವರು ಇವರ ಕಡೆ ಬೆರಳು ತೋರಿಸಿಕೊಂಡು ಕೂರುತ್ತಾರೆ.

ಮಾಡಬೇಕಾದದ್ದು: ಆ ವಾಟ್ಸಾಪ್ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಮೇಲ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಫೋನ್ ಬದಲಾಯಿಸಿ ಚಾಟ್ ಕಳೆದುಕೊಂಡವರನ್ನು ತುಂಬಾ ನೋಡಿದ್ದೇನೆ. ಹಳೇ ಕ್ರ್ಯಾಂಕನ್ನು ಯಾರ ಕೈಗೂ ಕೊಡಬೇಡಿ, ಶೋರೂಮಿಗಂತೂ ಬೇಡವೇ ಬೇಡ. ಗ್ರಾಹಕ ಆಯೋಗ ಬೇಕೆಂದರೆ ವಸ್ತುವನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಬಹುದು, ವಸ್ತುವೇ ಇಲ್ಲದಿದ್ದರೆ ಏನು ಕಳಿಸೋದು? ಮೊದಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಆದೇಶ ಮಾಡಲ್ಲ, ದೂರನ್ನು ಕಂಪನಿಗೆ ದಾಟಿಸುತ್ತಾರೆ ಅಷ್ಟೇ. ಆದರೂ ಕಸ್ಟಮರ್ ಕೇರ್ ಹುಡುಗರನ್ನು ದಾಟಿ ಮೇಲಿನವರ ಮೇಜಿಗೆ ಹೋಗೋದಕ್ಕೆ ಅದು ಸಾಕಾಗುತ್ತದೆ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ನೀವು ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರೂ ಕಡ್ಡಾಯ ಅಲ್ಲ. ಕಂಪನಿ ಲೂಧಿಯಾನದಲ್ಲಿರಲಿ, ಚೆನ್ನೈನಲ್ಲಿರಲಿ, ನೀವು ವಾಸ ಇರುವ ಊರಲ್ಲೇ ಹಾಕಬಹುದು. 2 ವರ್ಷದ ಒಳಗೆ ಹಾಕಬೇಕು.

ನಂದಿ ಭಾನುವಾರ
ಸಾವಿರದೊಳಗಿನ ಒಂದು ಕ್ರ್ಯಾಂಕ್ ಕೈಗೆ, ಆಯೋಗ ಇರುವ ಶಾಂತಿನಗರದ ಬಿಎಂಟಿಸಿ ಕಟ್ಟಡದ ಲಿಫ್ಟ್ ಮುಂದೆ ಕ್ಯೂ ನಿಲ್ಲಬೇಕಾ? ಪಂಡಿತರು ಹೇಳಿದ ಹಾಗೆ ಒಂದು ಕೈ ತಗೊಂಡು ಹಾಕಿಸಿ, ಶನಿವಾರ ಬೆಳಗ್ಗೆ ಮುಗಿಯಿತು. ಅರ್ಧ ದಿನ ರಜೆ ಹಾಕಿದರೆ ಅದರ ಸಂಬಳವೇ ಜಾಸ್ತಿ ಆಗುತ್ತದೆ.

ಲಾ ಪಾಯಿಂಟ್
ಕಂಪನಿಯವರೂ ಇದೇ ಲೆಕ್ಕ ಹಾಕಿಯೇ ಇಲ್ಲ ಅನ್ನೋದು. ಹತ್ತು ಜನಕ್ಕೆ ಇಲ್ಲ ಅಂದರೆ ಒಂಬತ್ತು ಜನ ಸುಮ್ನೆ ಹೋಗುತ್ತಾರೆ ಅಂತ ಅವರಿಗೆ ಗೊತ್ತು.

ಟಿ ಬ್ಲಾಕ್ ಅಮ್ಮ
ಕ್ರ್ಯಾಂಕಿನ ಬೆಲೆಯ ಮಾತು ಪಕ್ಕಕ್ಕಿಡಿ, ಬಸ್ಸಿನ ಮುಂದೆ ಬಿದ್ದಿದ್ದರೆ ಏನಾಗುತ್ತಿತ್ತು? ನನ್ನ ಮಗಳು ಟ್ಯೂಷನ್‌ಗೆ ಸೈಕಲ್ಲಿನಲ್ಲೇ ಹೋಗೋದು. ಇದನ್ನು ಓದಿದ ಮೇಲೆ ಭಯ ಶುರುವಾಗಿದೆ. ಲೂಸ್ ಇದೆಯಾ ಇಲ್ಲವಾ ಅಂತ ಮನೆಯಲ್ಲೇ ಹೇಗೆ ನೋಡೋದು? ನನಗೆ ಪಂಪ್ ಹೊಡೆಯೋದು ಬಿಟ್ಟರೆ ಏನೂ ಬರಲ್ಲ.

ಅಂಗಡಿ ಕಡೆಯವ
ಹೆಸರು ಹೇಳಲ್ಲ, ಪಶ್ಚಿಮ ಬೆಂಗಳೂರಿನ ಒಂದು ಸೈಕಲ್ ಅಂಗಡಿಯಲ್ಲಿ ಕೆಲಸ. ನಮ್ಮ ಕಡೆ ಮಾತನ್ನೂ ಕೇಳಿ.

ಸೈಕಲ್ ನಮಗೆ ಬರೋದು ಡಬ್ಬದಲ್ಲಿ, ಮುಕ್ಕಾಲು ಭಾಗ ಜೋಡಿಸಿಕೊಂಡೇ ಬರುತ್ತದೆ. ನಾವು ಹಾಕೋದು ಹ್ಯಾಂಡಲ್, ಮುಂದಿನ ಚಕ್ರ, ಸೀಟು, ಪೆಡಲ್. ಕ್ರ್ಯಾಂಕ್ ಫ್ಯಾಕ್ಟರಿಯಲ್ಲೇ ಕೂತಿರುತ್ತದೆ, ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ ಬೇರೆ. ಶನಿವಾರ ಭಾನುವಾರ ಡೆಲಿವರಿ ಸಾಲು ನಿಂತಿರುವಾಗ ಆ ಮುಚ್ಚಳ ತೆಗೆದು ಬೋಲ್ಟ್ ನೋಡುವ ಹುಡುಗರು ಎಷ್ಟು ಜನ ಇದ್ದಾರೆ ಹೇಳಿ. ನೋಡಬೇಕು, ನಿಜ. ಎಷ್ಟೋ ಕಡೆ ನೋಡಲ್ಲ. ಪಟ್ಟಿಯಲ್ಲಿ ಟಿಕ್ ಬೀಳುತ್ತದೆ.

ಕ್ಲೇಮ್ ನಾವು ಹಾಕುತ್ತೇವೆ, ತೀರ್ಮಾನ ಮಾಡೋದು ಕಂಪನಿಯ ಕಡೆ ಯಾರೋ ಫೋಟೋ ನೋಡುವವರು. ತೂತು ಅಗಲ ಆಗಿದ್ದರೆ ಕಣ್ಣು ಮುಚ್ಚಿ ರಿಜೆಕ್ಟ್. ಕ್ರ್ಯಾಂಕ್ ಲೂಸ್ ಆದರೆ ತೂತು ಅಗಲ ಆಗದೆ ಇನ್ನೇನಾಗುತ್ತದೆ? ಬಿರುಕು ಬಿಟ್ಟಿದ್ದರೆ ಮಾತ್ರ ಬೇಗ ಪಾಸ್ ಆಗುತ್ತದೆ. ನಮಗೂ ಬೇಜಾರು, ಎದುರಿಗೆ ಬೈಸಿಕೊಳ್ಳೋದು ನಾವು.

ಟಿ ಬ್ಲಾಕ್ ಮೇಡಂ, ಸುಲಭ. ಒಂದು ಪೆಡಲ್ ಮುಂದೆ, ಒಂದು ಪೆಡಲ್ ಹಿಂದೆ ಬರುವ ಹಾಗೆ ನಿಲ್ಲಿಸಿ. ಎರಡು ಕೈಯಲ್ಲಿ ಎರಡೂ ಕ್ರ್ಯಾಂಕ್ ಹಿಡಿದು ಫ್ರೇಮಿನ ಕಡೆಗೆ, ಆಮೇಲೆ ಹೊರಗಡೆಗೆ ಅಲ್ಲಾಡಿಸಿ. ಒಂದೇ ಒಂದು ಅಲ್ಲಾಡಿದರೆ ಆ ಕ್ರ್ಯಾಂಕ್ ಲೂಸ್. ಎರಡೂ ಒಟ್ಟಿಗೆ ಅಲ್ಲಾಡಿದರೆ ಒಳಗಿನ ಬೇರಿಂಗ್, ಅಂದರೆ ಬಾಟಮ್ ಬ್ರ್ಯಾಕೆಟ್. ಏನೂ ಅಲ್ಲಾಡದೆ ಶಬ್ದ ಮಾತ್ರ ಬಂದರೆ ಪೆಡಲ್ ನೋಡಿ, ಸೀಟಿನ ಕಂಬ ನೋಡಿ. ಸೀಟಿನ ಕಂಬದ ಶಬ್ದಕ್ಕೆ ಕ್ರ್ಯಾಂಕ್ ಬಿಚ್ಚಿದವರು ಬೇಕಾದಷ್ಟು ಜನ ಇದ್ದಾರೆ.

ಬನಶಂಕರಿ ಸವಾರ
@ಅಂಗಡಿ ಕಡೆಯವ, ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. "ಪಟ್ಟಿಯಲ್ಲಿ ಟಿಕ್ ಬೀಳುತ್ತದೆ" ಅನ್ನೋ ಸಾಲನ್ನು ನನ್ನ ದೂರಿಗೆ ಅಂಟಿಸೋಣ ಅನ್ನಿಸುತ್ತಿದೆ.

ಅಂಗಡಿ ಕಡೆಯವ
ನನ್ನ ಹೊಟ್ಟೆ ಮೇಲೆ ಹೊಡೆಯಬೇಡಿ ಸರ್.

ಗ್ರೀಸ್ ಗೌಡ
ಮುಖ್ಯವಾದ ಪ್ರಶ್ನೆ ಯಾರೂ ಕೇಳಲಿಲ್ಲ. ಹೊಸ ಕ್ರ್ಯಾಂಕ್ ಹಾಕುವಾಗ ಟೇಪರ್‌ಗೆ ಗ್ರೀಸ್ ಹಚ್ಚಬೇಕಾ ಬೇಡವಾ?

ಪಂಚರ್ ಪಂಡಿತ
ಬೇಡ. ಒಣಗಿದ್ದರೆ ಚೆನ್ನಾಗಿ ಕಚ್ಚುತ್ತದೆ.

ಟಾರ್ಕ್ ತಮ್ಮ
ತೆಳ್ಳಗೆ ಹಚ್ಚಬೇಕು. ಒಣಗಿದ್ದರೆ ಅರ್ಧದಲ್ಲೇ ಸಿಕ್ಕಿಕೊಂಡು ಟಾರ್ಕ್ ಸುಳ್ಳು ಹೇಳುತ್ತದೆ.

ಪಂಚರ್ ಪಂಡಿತ
ಗ್ರೀಸ್ ಹಚ್ಚಿದರೆ ಜಾಸ್ತಿ ಒಳಗೆ ಏರುತ್ತದೆ, ಬಿಚ್ಚಿ ಹಾಕಿ ಮಾಡಿದರೆ ಕ್ರ್ಯಾಂಕ್ ಫ್ರೇಮಿಗೆ ತಾಗುವ ತನಕ ಬರುತ್ತದೆ. ಕೈಯಾರೆ ನೋಡಿದ್ದೇನೆ.

ಸುಮ್ನೆ ನೋಡ್ತೀನಿ
ಪ್ರಪಂಚದಲ್ಲೆಲ್ಲ ಇಂಟರ್‌ನೆಟ್ ಬಂದಾಗಿನಿಂದ ಈ ಗ್ರೀಸ್ ಜಗಳ ಇದೆ. ಇಲ್ಲೇ ಮುಗಿಯಲ್ಲ, ಬಿಡಿ. ಬೋಲ್ಟಿನ ಥ್ರೆಡ್‌ಗೆ ಹಚ್ಚಿ ಅನ್ನೋದಕ್ಕೆ ಇಬ್ಬರೂ ಒಪ್ಪುತ್ತೀರಿ ತಾನೇ?

ಪಂಚರ್ ಪಂಡಿತ
ಹೂಂ.

ಟಾರ್ಕ್ ತಮ್ಮ
ಅದಕ್ಕೆ ಒಪ್ಪಿದೆ.

ನಂದಿ ಭಾನುವಾರ
ಇದಕ್ಕೇ ನಾನು ಚೌಕದ ಟೇಪರ್ ಬಿಟ್ಟು ಶಿಮಾನೋ ಕಂಪನಿಯ ಹಾಲೋಟೆಕ್ ಕ್ರ್ಯಾಂಕ್‌ಗೆ ಬಂದಿದ್ದು. ಎಡಗಡೆ ಕ್ರ್ಯಾಂಕಿನಲ್ಲಿ ಎರಡು ಸಣ್ಣ ಬೋಲ್ಟ್, 12ರಿಂದ 14 ನ್ಯೂಟನ್ ಮೀಟರ್, ಮುಗಿಯಿತು. ನಂದಿ ಬೆಟ್ಟ ಹತ್ತಿ ಬಂದರೂ ಒಂದು ಶಬ್ದ ಇಲ್ಲ.

ಟಾರ್ಕ್ ತಮ್ಮ
ದುಬಾರಿ ಆದರೆ ಕೆಡಲ್ಲ ಅಂತ ಯಾರು ಹೇಳಿದ್ದು? 2023ರ ಸೆಪ್ಟೆಂಬರ್‌ನಲ್ಲಿ ಅದೇ ಶಿಮಾನೋ ತನ್ನ 11 ಸ್ಪೀಡ್ ಅಲ್ಟೆಗ್ರಾ, ಡ್ಯೂರಾ-ಏಸ್ ಕ್ರ್ಯಾಂಕ್‌ಗಳನ್ನು ತಪಾಸಣೆಗೆ ಕರೆಯಿತು. 2019ರ ಜುಲೈಗೆ ಮೊದಲು ತಯಾರಾದವು. ಎರಡು ತುಂಡು ಅಂಟಿಸಿ ಮಾಡಿದ ಕ್ರ್ಯಾಂಕ್, ಅಂಟು ಬಿಟ್ಟುಕೊಂಡು ಮುರಿಯುತ್ತಿತ್ತು. ಅಮೆರಿಕ ಒಂದರಲ್ಲೇ 6,80,000. ನಿಮ್ಮದು ಯಾವ ವರ್ಷದ್ದು?

ನಂದಿ ಭಾನುವಾರ
ನಂದು ಶಿಮಾನೋದ 105 ಮಾಡೆಲ್. ಅದು ಆ ಪಟ್ಟಿಯಲ್ಲಿಲ್ಲ. ನಾನೂ ಅವತ್ತೇ ನೋಡಿದ್ದೆ.

ಟಾರ್ಕ್ ತಮ್ಮ
ನೋಡಿದ್ದೀರಿ ತಾನೇ. ಅಂದರೆ ಭಯ ಬಿದ್ದಿದ್ದೀರಿ. ನನ್ನ ಮಾತೂ ಅದೇ: ಅಷ್ಟು ದೊಡ್ಡ ಕಂಪನಿ ವರ್ಷಗಟ್ಟಲೆ ಹಳೆಯ ಕ್ರ್ಯಾಂಕನ್ನು 'ಸವೆಯುವ ಭಾಗ' ಅಂತ ತಳ್ಳಿಹಾಕಲಿಲ್ಲ, ಕರೆದು ನೋಡಿತು. ಇಲ್ಲಿ ವರ್ಷ ತುಂಬದ ಸೈಕಲ್ಲನ್ನು ಕೈಯಲ್ಲಿ ಮುಟ್ಟಿಯೂ ನೋಡಿಲ್ಲ.

ಕೆಂಗೇರಿ ಎಕ್ಸ್‌ಪ್ರೆಸ್
ಯಾರಾದರೂ ಟಾರ್ಕ್ ರೆಂಚ್ (ಬಿಗಿ ಅಳೆದು ತಿರುಗಿಸುವ ಸ್ಪ್ಯಾನರ್) ಎಲ್ಲಿ ಸಿಗುತ್ತದೆ ಹೇಳಿ. ಆನ್‌ಲೈನ್‌ನಲ್ಲಿ ಬೆಲೆ ನೋಡಿ ತಲೆ ತಿರುಗಿತು.

ಹಳೇ ಅಟ್ಲಾಸ್
ಎಸ್.ಜೆ.ಪಿ. ರಸ್ತೆಗೆ ಹೋಗಿ. ಟೂಲ್ಸ್ ಅಂಗಡಿಗಳ ಸಾಲೇ ಇದೆ. ಚೌಕಾಸಿ ಮಾಡಿ. ಭಾನುವಾರ ಅಲ್ಲೇ ಸಂಡೇ ಬಜಾರ್‌ನಲ್ಲಿ ಹಳೇ ಸ್ಪ್ಯಾನರ್ ರಾಶಿ ಹಾಕಿರುತ್ತಾರೆ, ಉದ್ದ ಹಿಡಿಯ ಅಲೆನ್ ಕೀ ಒಂದು ಅಲ್ಲೇ ತಗೊಂಡೆ. ಟಾರ್ಕ್ ರೆಂಚ್ ಮಾತ್ರ ಹಳೇದು ತಗೋಬೇಡಿ. ಅದರ ಸ್ಪ್ರಿಂಗ್ ಸೋತಿದ್ದರೆ ನಿಮಗೆ ಗೊತ್ತಾಗಲ್ಲ.

ಬನಶಂಕರಿ ಸವಾರ
ಅಪ್‌ಡೇಟ್. 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಕನ್ನಡದಲ್ಲೇ ಮಾತಾಡಿದರು. ಬಿಲ್, ಜಾಬ್ ಕಾರ್ಡ್, ವಾಟ್ಸಾಪ್, ತೂತಿನ ಫೋಟೋ ಎಲ್ಲ ಹಾಕಿದೆ. ಲಾ ಪಾಯಿಂಟ್ ಹೇಳಿದ ಹಾಗೆ ಅಂಗಡಿ, ಕಂಪನಿ ಇಬ್ಬರಿಗೂ ಒಂದೇ ಮೇಲ್ ಕಳಿಸಿ ಒಂದೇ ಪ್ರಶ್ನೆ ಕೇಳಿದೆ: "ಎಡಗಡೆ ಕ್ರ್ಯಾಂಕ್ ಬೋಲ್ಟನ್ನು ಯಾವ ದಿನ, ಎಷ್ಟು ಟಾರ್ಕ್‌ಗೆ ಬಿಗಿ ಮಾಡಿದಿರಿ? ದಾಖಲೆ ಕಳಿಸಿ."

ಅದಕ್ಕೆ ಉತ್ತರ ಇವತ್ತಿನವರೆಗೂ ಬಂದಿಲ್ಲ. ಬೇರೆ ಉತ್ತರ ಬಂತು. "ವಿಶೇಷ ಪ್ರಕರಣ ಎಂದು ಪರಿಗಣಿಸಿ" ಎಡಗಡೆ ಕ್ರ್ಯಾಂಕ್ ಉಚಿತವಾಗಿ ಕೊಡುತ್ತಾರಂತೆ, ಲೇಬರ್ ನನ್ನದಂತೆ. ಜೊತೆಗೆ ಒಂದು ಪತ್ರಕ್ಕೆ ಸಹಿ ಹಾಕಬೇಕಂತೆ: "ಉತ್ಪನ್ನದಲ್ಲಿ ಯಾವುದೇ ದೋಷ ಇರಲಿಲ್ಲ ಎಂದು ಒಪ್ಪುತ್ತೇನೆ, ಮುಂದೆ ಯಾವ ಕ್ಲೇಮ್ ಕೂಡ ಮಾಡುವುದಿಲ್ಲ."

ಗ್ರೀಸ್ ಗೌಡ
ವಿಶೇಷ ಪ್ರಕರಣ ಅಂತೆ! ಅವರ ಬೋಲ್ಟ್ ಬಿದ್ದುಹೋಗಿದ್ದು ನಿಮ್ಮ ಹುಟ್ಟುಹಬ್ಬ ಅನ್ನೋ ಥರ ಮಾತಾಡುತ್ತಿದ್ದಾರೆ.

ಲಾ ಪಾಯಿಂಟ್
ಸಹಿ ಹಾಕಬೇಡಿ. "ಎಡ ಕ್ರ್ಯಾಂಕ್ ಸ್ವೀಕರಿಸಿದೆ" ಅನ್ನೋದಕ್ಕೆ ಮಾತ್ರ ಸಹಿ, ತಾರೀಖು ಸಮೇತ. ಉಳಿದದ್ದಕ್ಕೆ ಗೀಟು ಹಾಕಿ, ಗೀಟು ಹಾಕಿದ ಪ್ರತಿಯ ಫೋಟೋ ತಗೊಳ್ಳಿ. ಲೇಬರ್ ಕೊಡಲ್ಲ ಅಂತ ಮೇಲ್‌ನಲ್ಲಿ ಬರೆಯಿರಿ. ನಾಳೆ ಬಲಗಡೆದೂ ಹೋದರೆ ಈ ಪತ್ರ ತೋರಿಸಿ ಕೈ ತೊಳೆದುಕೊಳ್ಳುತ್ತಾರೆ.

ನಂದಿ ಭಾನುವಾರ
ಲೇಬರ್ ಎಷ್ಟು, 200? 300? ಕೊಟ್ಟು ಎದ್ದು ಬನ್ನಿ ಮಾರಾಯರೇ. ಜಗಳ ಗೆದ್ದಿದ್ದೀರಿ.

ಟಿ ಬ್ಲಾಕ್ ಅಮ್ಮ
ಕೊಡಬೇಡಿ. ಅವರ ಕೆಲಸಕ್ಕೆ ನೀವ್ಯಾಕೆ ಕೂಲಿ ಕೊಡೋದು?

ಬನಶಂಕರಿ ಸವಾರ
ಶನಿವಾರ ಹೋಗಿದ್ದೆ. ಮ್ಯಾನೇಜರ್ ಪತ್ರ ಮುಂದಿಟ್ಟರು, ನಾನು ಗೀಟು ಹಾಕಿದೆ. "ಹಾಗೆ ಮಾಡಂಗಿಲ್ಲ ಸರ್" ಅಂದರು. "ಹಾಗಾದರೆ ಶಾಂತಿನಗರದಲ್ಲಿ ಸಿಗೋಣ" ಅಂದೆ. ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದು, ಆಯ್ತು ಅಂದರು. ಲೇಬರ್ ಮಾತೇ ಎತ್ತಲಿಲ್ಲ.

ಕ್ರ್ಯಾಂಕ್ ಹಾಕಿದ ಹುಡುಗ ಒಳ್ಳೆಯವನು. ಪಕ್ಕಕ್ಕೆ ಕರೆದು ಟಾರ್ಕ್ ರೆಂಚ್ ತೋರಿಸಿದ, 40ಕ್ಕೆ ಇಟ್ಟು ಕ್ಲಿಕ್ ಅನ್ನುವ ತನಕ ತಿರುಗಿಸಿದ. ಬಲಗಡೆಯನ್ನೂ ನೋಡು ಅಂದೆ. ಅದು ಕಾಲು ಸುತ್ತು ತಿರುಗಿತು! ಮ್ಯಾನೇಜರ್ ಅಷ್ಟರಲ್ಲಿ ಫೋನಿನಲ್ಲಿ ಬಿಜಿ ಆಗಿಬಿಟ್ಟಿದ್ದರು. ಜಾಬ್ ಕಾರ್ಡಿನಲ್ಲಿ ಎರಡೂ ಕಡೆ 40 ಅಂತ ಬರೆಸಿಕೊಂಡೆ. ಹಳೇ ಕ್ರ್ಯಾಂಕ್ ವಾಪಸ್ ಕೇಳಿದರು, ಕೊಡಲಿಲ್ಲ.

ಟಾರ್ಕ್ ತಮ್ಮ
ಬಲಗಡೆ ಕಾಲು ಸುತ್ತು ಅಂದರೆ ಅದೂ ಅರೆಬರೆ ಬಿಗಿಯಲ್ಲೇ ಓಡಿದೆ. ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಎರಡನ್ನೂ ಒಂದು ಸಲ ಅಲ್ಲಾಡಿಸಿ ನೋಡಿ. ಅಲ್ಲಾಡದಿದ್ದರೆ ಬೋಲ್ಟ್ ಮುಟ್ಟಬೇಡಿ.

ಟಿ ಬ್ಲಾಕ್ ಅಮ್ಮ
ಅಂಗಡಿ ಕಡೆಯವರೇ, ನೀವು ಹೇಳಿದ ಹಾಗೆ ನೋಡಿದೆ. ಕ್ರ್ಯಾಂಕ್ ಎರಡೂ ಗಟ್ಟಿ. ಆದರೆ ಎಡಗಡೆ ಪೆಡಲ್ಲೇ ಅಲ್ಲಾಡುತ್ತಿದೆ. ಸ್ಪ್ಯಾನರ್ ಹಾಕಿ ಬಲಕ್ಕೆ ತಿರುಗಿಸಿದರೆ ಇನ್ನೂ ಲೂಸ್ ಆಗುತ್ತಿದೆ, ಇದ್ಯಾಕೆ?

ಅಂಗಡಿ ಕಡೆಯವ
ನಿಲ್ಲಿಸಿ ನಿಲ್ಲಿಸಿ. ಎಡಗಡೆ ಪೆಡಲ್ ಥ್ರೆಡ್ ಉಲ್ಟಾ ಮೇಡಂ. ತುಳಿಯುವಾಗ ತಾನಾಗೇ ಬಿಚ್ಚಿಕೊಳ್ಳಬಾರದು ಅಂತ ಹಾಗೆ ಮಾಡಿರುತ್ತಾರೆ. ಎಡಕ್ಕೆ ತಿರುಗಿಸಿದರೆ ಬಿಗಿ ಆಗುತ್ತದೆ. ಮೊದಲು ಪೂರ್ತಿ ಬಿಚ್ಚಿ, ಥ್ರೆಡ್ ಚೆನ್ನಾಗಿದೆಯಾ ನೋಡಿ, ಚೂರು ಗ್ರೀಸ್ ಹಚ್ಚಿ, ಕೈಯಲ್ಲೇ ತಿರುಗಿಸಿಕೊಂಡು ಹೋಗಿ. ಅರ್ಧದವರೆಗೂ ಕೈಯಲ್ಲೇ ಸಲೀಸಾಗಿ ಹೋಗಬೇಕು. ಅಡ್ಡ ಕೂತರೆ ಸ್ಪ್ಯಾನರ್ ಹಾಕಿ ಒತ್ತಬೇಡಿ. ಕ್ರ್ಯಾಂಕ್ ಥ್ರೆಡ್ ಕಿತ್ತು ಬರುತ್ತದೆ.

ಟಿ ಬ್ಲಾಕ್ ಅಮ್ಮ
ಆಯ್ತು, ಕೂತಿತು. ಗ್ರೀಸ್ ಇರಲಿಲ್ಲ, ಹೊಲಿಗೆ ಮಷಿನ್ ಎಣ್ಣೆ ಹಾಕಿದೆ, ನಡೆಯುತ್ತಾ?

ಗ್ರೀಸ್ ಗೌಡ
ಇಲ್ಲ!

ಅಂಗಡಿ ಕಡೆಯವ
ಸದ್ಯಕ್ಕೆ ನಡೆಯುತ್ತದೆ ಮೇಡಂ. ಈ ಕಡೆ ಬಂದಾಗ ಅಂಗಡಿಗೆ ತನ್ನಿ, ಗ್ರೀಸ್ ಹಚ್ಚಿ ಕೊಡುತ್ತೇನೆ.

ಸುಮ್ನೆ ನೋಡ್ತೀನಿ
ಅಂಗಡಿ ಹೆಸರೇ ಹೇಳಲ್ಲ ಅಂದವರು ಎಲ್ಲಿಗೆ ತರಬೇಕು ಅಂತಲೂ ಹೇಳಿ.